ದ್ಯಾವಪ್ಪನ ಲೆಕ್ಕ ಮುಗಿಯುವ ಮೊದಲು

ಹಳೇ ಕಾರಿಗೆ ಸಾಲ ಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬರುತ್ತಾರೆ. ಅವರ ಮೇಜಿನ ಮೇಲೆ ಈಗ ಒಂದು ಪೆಟ್ಟಿಗೆ ಇರುತ್ತದೆ. ಹೆಸರು ಒತ್ತಿದರೆ ಸಾಕು, ಆ ಮನುಷ್ಯ ಎಲ್ಲೆಲ್ಲಿ ಕಂತು ತಪ್ಪಿಸಿದ್ದಾನೆ ಅಂತ ಅದು ಒದರಿಬಿಡುತ್ತದೆ. "ನಿಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವಲ್ಲ, ಹೆಸರು ಕೆಟ್ಟವನು ಬಂದು ಕಾರಿಗೆ ಸಾಲ ಕೇಳಿದರೆ ಏನು ಮಾಡ್ತಿದ್ರಿ?" ಅಂತ ಕೇಳುತ್ತಾರೆ. "ಅವನ ಹಾಗೇ ಮಾತಾಡಿ ತೋರಿಸ್ತಿದ್ದೆ" ಅನ್ನುತ್ತೇನೆ. ಮುದುಕನಿಗೆ ತಮಾಷೆ ಜಾಸ್ತಿ ಅಂದುಕೊಂಡು ನಗುತ್ತಾರೆ. ನಾನು ತಮಾಷೆಯವನು ಹೌದು, ಆ ಮಾತು ತಮಾಷೆಯದಲ್ಲ. ಅದನ್ನು ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಸಿಕ್ಕಿದ್ದು, ಬೆಳ್ಳಿ ತಟ್ಟೆ ಕೊಟ್ಟು ಬೀಳ್ಕೊಟ್ಟಿದ್ದು ಯಾರಿಗೂ ಬೇಡ. ತಟ್ಟೆ ಬೆಳ್ಳಿಯದೂ ಅಲ್ಲ, ಮನೆಗೆ ತಂದು ಉಜ್ಜಿದ ಮೇಲೆ ಗೊತ್ತಾಯಿತು.

ಐವತ್ತರ ದಶಕದ ಕೊನೆ. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಾನು ಟಿಕೆಟು ಹರಿಯುತ್ತಿದ್ದೆ. ಟಿಕೆಟು ಹರಿಯುವುದು ಹೊಟ್ಟೆಗೆ, ಮಿಕ್ಕ ಹೊತ್ತೆಲ್ಲ ಬಂದುಹೋಗುವವರನ್ನು ಆಡಿ ತೋರಿಸುವುದು ಬಾಯಿಗೆ. ಶಿಕಾರಿಪುರದವರು "ಬಸ್ಸು ಯಾವಾಗ ಬರ್ತೈತ್ರಿ?" ಅಂತ ಬಸ್ಸೇ ತಮಗೆ ಬಾಕಿ ಇದ್ದ ಹಾಗೆ ಕೇಳುತ್ತಿದ್ದರು. ಸೊರಬದ ಕಡೆಯವರು "ಬಸ್ಸು ಬರ್ತದೋ ಹೆಂಗೆ ಮಾರಾಯ?" ಅಂತ ಬರದಿದ್ದರೂ ಪರವಾಗಿಲ್ಲ ಅನ್ನುವ ಹಾಗೆ. ಎರಡನ್ನೂ ಮಾಡುತ್ತಿದ್ದೆ. ಎಲ್ಲರೂ ನನ್ನನ್ನು ಗಿಣಿ ಅಂತ ಕರೆಯುತ್ತಿದ್ದರು. ಅಪ್ಪ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಇತ್ತು.

ಶಿವಮೊಗ್ಗದಲ್ಲಿ ಕಾರು, ಲಾರಿಗೆ ಕಂತಿನ ಮೇಲೆ ಸಾಲ ಕೊಡುವ ಸಾಹುಕಾರರೊಬ್ಬರಿದ್ದರು. ಸೀತಾರಾಮಯ್ಯ ಅಂತ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ವಸೂಲಿಗೆ ಸೊರಬಕ್ಕೆ ಬರುತ್ತಿದ್ದರು. ಆಳು ದಪ್ಪ, ಧ್ವನಿ ಸಣ್ಣ, ಪ್ರತಿ ಮಾತಿನ ಬಾಲಕ್ಕೂ ಮೂಗಿನಲ್ಲಿ ಒಂದು ಹೂಂಕಾರ. ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಬಿಟ್ಟಿ ವಡೆಯ ಆಸೆಗೆ ಅವರನ್ನು ಮಾಡಿ ತೋರಿಸುತ್ತಿದ್ದೆ. "ಕಂತು ತಪ್ಪಿದರೆ ಕಾರು ನಂದು, ಹೂಂ. ಕಾರು ಸಿಕ್ಕದಿದ್ದರೆ ನಿನ್ನ ಎಮ್ಮೆ ನಂದು, ಹೂಂ." ನಗುತ್ತಿದ್ದವರೆಲ್ಲ ಒಮ್ಮೆಲೇ ತಣ್ಣಗಾದರು. ತಿರುಗಿ ನೋಡಿದರೆ ಸಾಹುಕಾರರು ಬಾಗಿಲಲ್ಲಿ.

"ನನ್ನ ಧ್ವನಿ ಅಷ್ಟು ಸಣ್ಣದೇನಯ್ಯ, ಹೂಂ?" ಅಂದರು. ಅಷ್ಟೇ ಸಣ್ಣದಾಗಿತ್ತು.

ಅವರು ಎದುರಿನ ಬೆಂಚಿನ ಮೇಲೆ ಕೂತು, "ಇನ್ನೂ ಯಾರ್ಯಾರನ್ನ ಮಾಡ್ತೀಯ?" ಅಂದರು. ಅವರ ಹತ್ತಿರ ಸಾಲ ಮಾಡಿದ್ದ ಮೂವರನ್ನು ಮಾಡಿದೆ. ಮೂರನೆಯವನು ಮುಗಿಯುವ ಹೊತ್ತಿಗೆ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇವನು ಕಟ್ಟಲ್ಲ" ಅಂದರು, ತಮಗೆ ತಾವೇ. ಮುಂದಿನ ಸೋಮವಾರದಿಂದ ನಾನು ಅವರ ವಿಚಾರಣೆ ಗುಮಾಸ್ತ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ನನ್ನವು. ಅಂದರೆ ಅಲ್ಲಿನ ಬಸ್ಸುಗಳ ಹಿಂದಿನ ಸೀಟು ನನ್ನದು.

ವಿಚಾರಣೆ ಅಂದರೆ ಮೂರು ಬಾಗಿಲು. ಸಾಲ ಕೇಳಿದವನು ಬಾಕಿ ಬರೆಸುವ ಕಿರಾಣಿ ಅಂಗಡಿ ಒಂದು, ಅವನು ಬಟ್ಟೆ ಹೊಲಿಸುವ ದರ್ಜಿ ಒಂದು, ಪಕ್ಕದ ಮನೆ ಒಂದು. ಕಿರಾಣಿಯವನು ನಿಜ ಹೇಳುತ್ತಾನೆ, ದರ್ಜಿ ಅರ್ಧ ಹೇಳುತ್ತಾನೆ, ಪಕ್ಕದ ಮನೆಯಾಕೆ ಎರಡರಷ್ಟು ಹೇಳುತ್ತಾಳೆ. ಮೂರನ್ನೂ ಕೂಡಿಸಿ ನಾನು ಅಚ್ಚುಕಟ್ಟಾಗಿ ವರದಿ ಬರೆಯುತ್ತಿದ್ದೆ. ಅದನ್ನು ಸಾಹುಕಾರರು ಓದುತ್ತಿರಲಿಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಗಂತ ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ. ಕಾಗದವನ್ನು ಎತ್ತಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಒಮ್ಮೆ ತಲೆಕೆಳಗಾಗಿಯೂ ಹಿಡಿದು, ಮೇಜಿನ ಮೇಲಿಟ್ಟು, "ಬರೆದಿದ್ದು ಇರಲಿ. ಮಾಡು, ನೋಡೋಣ" ಅನ್ನುತ್ತಿದ್ದರು.

ನಾನು ಮಾಡುತ್ತಿದ್ದೆ. ಆ ಮನುಷ್ಯ ಹೇಗೆ ಕೂತ, ಕಂತಿನ ಮಾತು ಬಂದಾಗ ಹೇಗೆ ಎದ್ದ, ಎಲ್ಲಿ ಕೆಮ್ಮಿದ. ಅವರು ಕಣ್ಣು ಮುಚ್ಚಿ ಕೇಳಿ ಆಗುತ್ತದೆ, ಇಲ್ಲ ಅನ್ನುತ್ತಿದ್ದರು. ಹೆಡ್ ಗುಮಾಸ್ತ ನಂಜುಂಡಯ್ಯ ಬರೆದುಕೊಳ್ಳುತ್ತಿದ್ದ. ನಂಜುಂಡಯ್ಯನ ಹತ್ತಿರ ಕೆಂಪು ರಟ್ಟಿನ ಒಂದು ಪುಸ್ತಕವಿತ್ತು. ಯಾವತ್ತಾದರೂ ನಮಗೆ ಕಂತು ತಪ್ಪಿಸಿದವರ ಹೆಸರೆಲ್ಲ ಅದರಲ್ಲಿ. ಆಮೇಲೆ ಪೂರ್ತಿ ತೀರಿಸಿದರೂ ಹೆಸರಿನ ಮೇಲೆ ಗೀಟು ಹೊಡೆಯುತ್ತಿರಲಿಲ್ಲ. ಯಾಕೆ ಅಂದರೆ, "ಹೊಡೆದರೆ ಪುಸ್ತಕ ಗಲೀಜಾಗ್ತದೆ" ಅನ್ನುತ್ತಿದ್ದ.

ಈ ಪದ್ಧತಿಯಲ್ಲಿ ಮೊದಲು ಮುಗ್ಗರಿಸಿದ್ದು ಉಡುತಡಿ ದಾರಿಯ ಒಬ್ಬ ಜಮೀನುದಾರರ ವಿಷಯದಲ್ಲಿ. ಅವರದು ಗುಡುಗಿನ ಗಂಟಲು. "ಕಂತಾ? ನಮ್ಮ ಮನೆ ಆಳಿನ ಕೈಯಾಗ ಕಳಿಸ್ತೀನಿ, ತಗಂಡು ಹೋಗು" ಅಂದಿದ್ದರು. ಅದನ್ನು ಆಫೀಸಿನಲ್ಲಿ ನಾನು ಎಷ್ಟು ಚೆನ್ನಾಗಿ ಮಾಡಿದೆ ಅಂದರೆ ನಂಜುಂಡಯ್ಯ ಎದ್ದು ನಿಂತುಬಿಟ್ಟ. ಸಾಲ ಮಂಜೂರು. ಎರಡು ಕಂತು ಬಂತು, ಮೂರನೆಯದು ಬರಲಿಲ್ಲ, ಆರನೆಯದಕ್ಕೆ ನಾನೇ ಹೋದೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಕಾರು ರಿಪೇರಿಗೆ ಹುಬ್ಬಳ್ಳಿಗೆ ಹೋಗೈತಿ ಅಂದರು. ಅಂಗಳದಲ್ಲಿ ಒಂದು ಎಮ್ಮೆ ಹುಲ್ಲಿನ ಬಣವೆಯಿಂದ ಹುಲ್ಲು ಎಳೆದು ತಿನ್ನುತ್ತಿತ್ತು. ಅದು ತಿಂದು ಬಿಟ್ಟ ಜಾಗದಿಂದ ಕಾರಿನ ಒಂದು ಹೆಡ್‌ಲೈಟು ನನ್ನನ್ನೇ ನೋಡುತ್ತಿತ್ತು.

"ಯಜಮಾನ್ರೆ, ಬಣವೆಗೆ ಕಣ್ಣು ಬಂದೈತಿ" ಅಂದೆ.

ಅವರು ತಿರುಗಿಯೂ ನೋಡಲಿಲ್ಲ. "ಅದು ಬ್ಯಾರೆ ಕಾರು" ಅಂದರು, ಅದೇ ಗುಡುಗಿನಲ್ಲಿ. ಒಂದು ಗಳಿಗೆ ನನಗೂ ಹೌದೇನೋ ಅನ್ನಿಸಿತು. ಅಂಥ ಗಂಟಲು.

ಕಾರು ಎಳೆದು ತಂದೆವು, ಒಳಗೆ ಆರು ಕೋಳಿ ಮೊಟ್ಟೆಯ ಸಮೇತ. ಸಾಹುಕಾರರಿಗೆ ಮಾತ್ರ ಅದು ಮನಸ್ಸಿಗೆ ಹತ್ತಿತು. ಅಲ್ಲಿಂದ ಮುಂದೆ ಗಟ್ಟಿ ಮಾತಿನವರು ಅವರಿಗೆ ಆಗುತ್ತಿರಲಿಲ್ಲ. ಮೆತ್ತಗೆ ಮಾತಾಡುವವರ ಮೇಲೂ ಅನುಮಾನ. ಮಾಡಿ ತೋರಿಸುವ ಕಲೆಗೆ ಇದೊಂದು ಎಚ್ಚರಿಕೆ ಅಂತ ಆಗಲೇ ನನಗೆ ತಿಳಿಯಬೇಕಿತ್ತು. ನನಗೆ ತಿಳಿದದ್ದು ಇಷ್ಟೇ: ಸಾಹುಕಾರರು ಬೇಜಾರಿನಲ್ಲಿದ್ದಾರೆ, ಇನ್ನೂ ಚೆನ್ನಾಗಿ ನಗಿಸಬೇಕು.

ಆಗ ಬಂತು ಆನವಟ್ಟಿಯ ದ್ಯಾವಪ್ಪನ ಅರ್ಜಿ.

ದ್ಯಾವಪ್ಪ ಆನವಟ್ಟಿಯ ಅಕ್ಕಿ ಗಿರಣಿಯ ಯಜಮಾನರ ಕಾರಿನ ಡ್ರೈವರು. ನಲವತ್ತು ದಾಟಿದ, ಉದ್ದ ಕೈಯ, ಕಡಿಮೆ ಮಾತಿನ ಮನುಷ್ಯ. ಹೆಗಲ ಮೇಲೆ ಸದಾ ಕಾರು ಒರೆಸುವ ಒಂದು ಹಳದಿ ಬಟ್ಟೆ. ಯಜಮಾನರು ಹೊಸ ಕಾರು ತರಿಸುವವರಿದ್ದರು. ಅವರ ಮಗ ಓಡಿಸುವುದನ್ನು ಕಲಿತಿದ್ದ. ಅಂದರೆ ದ್ಯಾವಪ್ಪನ ಕೆಲಸವೂ ಹಳೇ ಕಾರಿನ ಜೊತೆಗೇ ಹೋಗುವುದು ಅಂತ ಅರ್ಥ. ಯಜಮಾನರು ಒಳ್ಳೆಯವರೇ. "ಹನ್ನೊಂದು ವರ್ಷ ನೀನೇ ಓಡಿಸೀಯ. ನೀನೇ ತಗೊಳ್ಳೋದಾದ್ರೆ ಒಂದು ತಿಂಗಳು ಕಾಯ್ತೀನಿ" ಅಂದಿದ್ದರು. ಆ ಕಾರು ಸಿಕ್ಕರೆ ಆನವಟ್ಟಿ, ಉಳವಿ, ಸೊರಬ ಅಂತ ಬಾಡಿಗೆ ಓಡಿಸಿ ಬದುಕುವುದು. ಸಿಗದಿದ್ದರೆ ಗಿರಣಿಯಲ್ಲಿ ಮೂಟೆ ಹೊರುವುದು.

ಅಡ್ಡ ಇದ್ದದ್ದು ಕೆಂಪು ಪುಸ್ತಕ. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿಯ ತಮ್ಮ ನಮ್ಮಲ್ಲಿ ಸಾಲ ಮಾಡಿ ಹಳೇ ವ್ಯಾನು ತಗೊಂಡಿದ್ದ. ದ್ಯಾವಪ್ಪ ಜಾಮೀನು. ಆ ತಮ್ಮ ವ್ಯಾನಿನ ಸಮೇತ ಘಟ್ಟ ಇಳಿದು ಹೋದವನು ಮತ್ತೆ ಹತ್ತಲಿಲ್ಲ. ದ್ಯಾವಪ್ಪನ ಬಾಗಿಲಿಗೆ ನೋಟೀಸು ಅಂಟಿಸಿದರು, ಊರೆಲ್ಲ ಓದಿತು. ಅವನು ಯಾರ ಜೊತೆಯೂ ಜಗಳವಾಡದೆ ಮೂರು ವರ್ಷ ಸಂಬಳದಲ್ಲಿ ಮುರಿಸಿಕೊಂಡು ಅಷ್ಟನ್ನೂ ತೀರಿಸಿದ. ಹೆಸರು ಪುಸ್ತಕದಲ್ಲೇ ಉಳಿಯಿತು.

ಮೂರು ಬಾಗಿಲಿಗೂ ಹೋದೆ. ಕಿರಾಣಿಯವನು, "ಅವನ ಬಾಕಿ ನಾನು ಬರೀಯಾದೇ ಇಲ್ಲ. ಶನಿವಾರ ತಾನೇ ಬಂದು ಇಷ್ಟು ಅಂತಾನ, ಅಷ್ಟೇ ಇರತೈತಿ" ಅಂದ. ದರ್ಜಿಯೂ ಪಕ್ಕದ ಮನೆಯಾಕೆಯೂ ಬೇರೆ ಹೇಳಲಿಲ್ಲ. ಕೊನೆಗೆ ಗಿರಣಿಯ ಶೆಡ್ಡಿನಲ್ಲಿ ದ್ಯಾವಪ್ಪನನ್ನೇ ಕಂಡೆ. ಕಾರು ತೋರಿಸಿದ. ಯುದ್ಧಕ್ಕೂ ಮುಂಚಿನದು. "ಎರಡನೇ ಗೇರು ಒಂದೀಟು ಹಟ ಮಾಡ್ತೈತ್ರಿ. ಕ್ಲಚ್ ತುಳಿದು ಸುಮ್ನ ಕಾಯಬೇಕು. ಅವಸರ ಮಾಡಿದ್ರ ಬೀಳಂಗಿಲ್ಲ" ಅಂದ.

"ತಿಂಗಳಿಗೆ ಎಷ್ಟು ಕಟ್ತೀಯ ದ್ಯಾವಪ್ಪ?" ಅಂತ ಕೇಳಿದೆ.

ಅವನು ತಲೆ ಎತ್ತಿ ಶೆಡ್ಡಿನ ತಗಡು ನೋಡಿದ. ಎಡಗೈ ಹೆಬ್ಬೆರಳು ಕಿರುಬೆರಳಿನ ಬುಡದಿಂದ ಗೆಣ್ಣು ಗೆಣ್ಣಾಗಿ ಹತ್ತತೊಡಗಿತು. ತುಟಿ ಸದ್ದಿಲ್ಲದೆ ಅಲ್ಲಾಡಿತು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಶುರುವಾಯಿತು. ನಾನು ತಂದ ಚಹಾ ಆರಿಹೋಯಿತು. ಮನುಷ್ಯ ನಿಂತಲ್ಲೇ ನಿದ್ದೆ ಹೋದನೋ ಅಂದುಕೊಂಡೆ. ಆಮೇಲೆ ಕಣ್ಣು ಇಳಿಸಿ ಹೇಳಿದ: "ಮಳೆಗಾಲದ ನಾಕು ತಿಂಗ್ಳು ಅರವತ್ತು ರೂಪಾಯಿ. ಉಳಿದ ತಿಂಗ್ಳು ತೊಂಬತ್ತೈದು. ನೂರು ಅಂದ್ರ ಸುಳ್ಳಾಗ್ತೈತ್ರಿ."

"ಎಲ್ಲಾರೂ ನೂರಿಪ್ಪತ್ತು ಅಂತಾರಲ್ಲೋ."

"ಅಂತಾರ್ರಿ. ಆಮ್ಯಾಲ ಕಟ್ಟಂಗಿಲ್ಲ." ಸ್ವಲ್ಪ ನಾಚಿಕೊಂಡು ಸೇರಿಸಿದ, "ತಡ ಆತು. ನಾನು ಇನ್ನೂ ಆಣ್ಯಾಗ ಲೆಕ್ಕ ಹಾಕಿ ನಯಾಪೈಸಕ್ಕ ತಿರುಗಸ್ತೀನ್ರಿ."

ಎರಡು ತಾಲ್ಲೂಕು ಸುತ್ತಿದರೂ ಅಷ್ಟು ನೇರ ಉತ್ತರ ನನಗೆ ಸಿಕ್ಕಿರಲಿಲ್ಲ. ವರದಿಯಲ್ಲಿ ಹಾಗೇ ಬರೆದೆ. ಜಾಮೀನಿನ ಕಥೆ, ತೀರಿಸಿದ್ದು, ಕಿರಾಣಿಯವನ ಮಾತು, ಅರವತ್ತು, ತೊಂಬತ್ತೈದು. ಕೊನೆಗೆ, ಕೊಡಬಹುದು ಅಂತ.

ಶಿವಮೊಗ್ಗದ ಆಫೀಸಿನಲ್ಲಿ ಆ ದಿನ ಇಬ್ಬರು ಲಾರಿ ಮಾಲೀಕರು ಕಂತು ಕಟ್ಟಲು ಬಂದು ಕೂತಿದ್ದರು. ಸಭೆ ದೊಡ್ಡದಿದ್ದರೆ ನನಗೆ ಮೈ ಹಗುರ. ನಂಜುಂಡಯ್ಯ ಕೆಂಪು ಪುಸ್ತಕ ತೆಗೆದು, "ಇವನು ಇದರಲ್ಲಿದ್ದಾನೆ" ಅಂದ. ಸಾಹುಕಾರರು ನನ್ನ ವರದಿಯನ್ನು ಎತ್ತಿ ಹಿಡಿದು ಕೆಳಗಿಟ್ಟರು. "ಮಾಡು, ನೋಡೋಣ, ಹೂಂ."

ಮೇಜಿನ ಮೇಲಿದ್ದ ಮಸಿ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೆ. ನಾನೇ ಪ್ರಶ್ನೆ ಕೇಳಿ, ನಾನೇ ದ್ಯಾವಪ್ಪನಾಗಿ ತಲೆ ಎತ್ತಿದೆ. ಹೆಬ್ಬೆರಳು ಓಡಿಸಿದೆ, ತುಟಿ ಅಲ್ಲಾಡಿಸಿದೆ. ಲಾರಿಯವರು ಮುಸಿ ಮುಸಿ ನಕ್ಕರು. ಇನ್ನೊಂದು ಕೈ ಶುರು ಮಾಡಿದೆ. ನಗು ಜೋರಾಯಿತು. ದ್ಯಾವಪ್ಪನಿಗೆ ಇದ್ದದ್ದು ಎರಡು ಕೈ. ನಾನು ಸುಮ್ಮನಿರದೆ ಬಗ್ಗಿ ಕಾಲಿನ ಬೆರಳನ್ನೂ ಎಣಿಸತೊಡಗಿದೆ. ನಂಜುಂಡಯ್ಯ ಮೇಜು ಬಡಿದ. ಸಾಹುಕಾರರ ಹೊಟ್ಟೆ ಕುಣಿಯಿತು, ಪೊರೆ ಬಂದ ಕಣ್ಣಿನಲ್ಲಿ ನೀರು ಬಂತು. ಬಣವೆಯ ಘಟನೆ ಆದ ಮೇಲೆ ಅವರು ಮೊದಲು ನಕ್ಕಿದ್ದು ಅವತ್ತೇ.

ಕಣ್ಣು ಒರೆಸಿಕೊಂಡು ಹೇಳಿದರು: "ಸುಳ್ಳು ಹುಡುಕ್ತಿದಾನೆ. ನಿಜ ಹೇಳೋನಿಗೆ ಇಷ್ಟು ಹೊತ್ತು ಯಾಕೆ ಬೇಕು, ಹೂಂ? ಬೇಡ."

ನಂಜುಂಡಯ್ಯ ಬರೆದುಕೊಂಡ.

ಉತ್ತರ ಇನ್ನೂ ನನ್ನ ಬಾಯಲ್ಲೇ ಇತ್ತು. ಅರವತ್ತು, ತೊಂಬತ್ತೈದು, ನೂರು ಅಂದರೆ ಸುಳ್ಳಾಗುತ್ತದೆ. ಆ ಮಾತಿಗೆ ಯಾರೂ ನಗುತ್ತಿರಲಿಲ್ಲ, ಅದು ಅಂಥ ಮಾತು. ಅಷ್ಟು ಚೆನ್ನಾಗಿ ಎದ್ದ ನಗುವಿನ ಮೇಲೆ ಅದನ್ನು ಹೇಗೆ ಇಡುವುದು? ಲಾರಿಯವನೊಬ್ಬ ಬೆನ್ನು ತಟ್ಟಿ, "ಗಿಣಿ, ನೀನು ಕಂಪನಿ ನಾಟಕದಾಗ ಇರಬೇಕಿತ್ತು" ಅಂದ. ನಾಳೆ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಬಂದಾಗ ಬೇರೆ ಊರಿನ ಬಸ್ಸು ಹತ್ತಿದೆ.

ಸಾಲ ಇಲ್ಲ ಅನ್ನುವುದನ್ನು ತಿಳಿಸುವುದೂ ವಿಚಾರಣೆ ಗುಮಾಸ್ತನೇ. ಮುಂದಿನ ಮಂಗಳವಾರ ಆನವಟ್ಟಿಗೆ ಹೋದೆ. ದ್ಯಾವಪ್ಪ ಕಾರಿನ ಗಾಜು ಒರೆಸುತ್ತಿದ್ದ. "ಸಾಹುಕಾರರು ಆಗಲ್ಲ ಅಂದ್ರು" ಅಂದೆ. ತಪ್ಪನ್ನೆಲ್ಲ ಕೆಂಪು ಪುಸ್ತಕದ ಮೇಲೆ ಹಾಕಿದೆ. ಕಾಲಿನ ಬೆರಳಿನ ವಿಷಯ ಹೇಳಲಿಲ್ಲ.

ಅವನು ಗಾಜು ಪೂರ್ತಿ ಒರೆಸಿ, ಬಟ್ಟೆ ಹೆಗಲಿಗೆ ಹಾಕಿಕೊಂಡ. "ಶಿಕಾರಿಪುರದ ಕಂಟ್ರಾಕ್ಟರು ಒಬ್ಬರು ಕೇಳ್ಯಾರಂತ. ಶುಕ್ರವಾರಕ್ಕ ತಿಂಗಳು ಮುಗೀತೈತಿ. ನಡುವ ಎರಡು ದಿನ ಐತಲ್ರಿ. ಇನ್ನೊಂದು ಸಲ ಕೇಳ್ತೀರೇನು?"

ಬೇಡಿದ ಧ್ವನಿಯಲ್ಲ. ಎರಡು ದಿನ ಇದೆ ಅಂತ ಲೆಕ್ಕ ಹೇಳಿದ ಧ್ವನಿ. ಅದನ್ನು ಇವತ್ತಿಗೂ ನನಗೆ ಸರಿಯಾಗಿ ಮಾಡಲು ಬರುವುದಿಲ್ಲ.

ಆ ಸಂಜೆಯೇ ಶಿವಮೊಗ್ಗಕ್ಕೆ ಹೋದೆ. ಸಾಹುಕಾರರು ಭದ್ರಾವತಿಗೆ ಮದುವೆಗೆ ಹೋಗಿದ್ದರು. ಬುಧವಾರ ಬರಲಿಲ್ಲ, ಗುರುವಾರ ಬರಲಿಲ್ಲ. ಶುಕ್ರವಾರ ಸಂಜೆ ಬಂದರು. ನಾನು ವರದಿ ಹಿಡಿದು ನಿಂತಿದ್ದೆ.

"ಮಾಡು" ಅಂದರು, ಇನ್ನೊಂದು ನಗುವಿಗೆ ಸಿದ್ಧವಾಗಿ.

"ಮಾಡಲ್ಲ, ಓದ್ತೀನಿ" ಅಂದೆ. ಮೊದಲ ಅಕ್ಷರದಿಂದ ಕೊನೆಯವರೆಗೆ ನನ್ನದೇ ಧ್ವನಿಯಲ್ಲಿ ಓದಿದೆ. ನನ್ನ ಧ್ವನಿ ಎಷ್ಟು ಸಪ್ಪೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ಅವರು ಕಣ್ಣು ಮುಚ್ಚಿ ಕೇಳಿದರು. "ಇದನ್ನ ಅವತ್ತೇ ಯಾಕೆ ಓದಲಿಲ್ಲ?"

"ನೀವು ಮಾಡು ಅಂದ್ರಿ."

"ನಾನು ಅಂತೀನಯ್ಯ. ನನಗೆ ಕಾಣಲ್ಲ." ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ನಿನಗೆ ಕಾಣ್ತದಲ್ಲ" ಅಂದು ಸಾಲ ಮಂಜೂರಿನ ಕಾಗದಕ್ಕೆ ಕೈ ಚಾಚಿದರು. ಸಹಿ ಮಾಡುವ ಜಾಗವನ್ನು ನಾನೇ ಬೆರಳಿಟ್ಟು ತೋರಿಸಿದೆ.

ಮುಂದೆ ನಡೆದದ್ದನ್ನು ಹೇಳುವ ಮೊದಲು ಪದ್ಧತಿ ಬದಲಾದದ್ದನ್ನು ಹೇಳಿಬಿಡುತ್ತೇನೆ, ಹೊಸಬರಿಗೆ ಬೇಕಾದದ್ದು ಅದೇ. ಸಾಹುಕಾರರು ಮತ್ತೂ ಕೆಲವು ತಿಂಗಳು "ಮಾಡು" ಅನ್ನುತ್ತಿದ್ದರು. ನಾನು ಮಾಡುತ್ತಿದ್ದೆ, ಆದರೆ ಉತ್ತರದ ಸಮೇತ. ಉತ್ತರ ಬಂದರೆ ಯಾರೂ ನಗುತ್ತಿರಲಿಲ್ಲ. ಬೇಜಾರಾಗಿ ಕೇಳುವುದನ್ನೇ ಬಿಟ್ಟರು. ಆಮೇಲೆ ಕಣ್ಣಿನ ಆಪರೇಷನ್ ಆಯಿತು. ತಾವೇ ಓದತೊಡಗಿ ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ಬೈದರು. ಕೆಂಪು ಪುಸ್ತಕದಲ್ಲಿ ತೀರಿಸಿದವರ ಹೆಸರು ಹೊಡೆಯಬೇಕು ಅಂತ ಹುಕುಂ ಆಯಿತು. ನಂಜುಂಡಯ್ಯ ಅಳು ಮುಖ ಮಾಡಿಕೊಂಡು, ಸ್ಕೇಲಿಟ್ಟು ಹೊಡೆದ. ಈಗ ನಿಮ್ಮ ಮೇಜಿನ ಮೇಲಿರುವ ಪೆಟ್ಟಿಗೆಯೂ ಮನುಷ್ಯನನ್ನು ಮಾಡಿ ತೋರಿಸುವುದೇ ಅಂತ ನನಗೆ ಅನುಮಾನ. ಅವನು ಎಲ್ಲಿ ತಡವರಿಸಿದ ಅನ್ನುವುದನ್ನು ಚೆನ್ನಾಗಿ ಮಾಡುತ್ತದೆ. ತಡವರಿಸಿ ಏನು ಹೇಳಿದ ಅನ್ನುವುದನ್ನು ನೀವೇ ಹೋಗಿ ಕೇಳಬೇಕು. ದ್ಯಾವಪ್ಪ ಆಮೇಲೆ ಗಿರಣಿಯಲ್ಲಿ ಮೂಟೆ ಹೊತ್ತ, ಕೊನೆಗೆ ಯಾರದೋ ಲಾರಿ ಓಡಿಸಿದ. ತನ್ನದು ಅಂತ ಒಂದು ಕಾರು ಅವನಿಗೆ ಆಗಲೇ ಇಲ್ಲ.

ಶನಿವಾರ ಬೆಳಿಗ್ಗೆ ಸಹಿಯಾದ ಕಾಗದ ಜೇಬಿನಲ್ಲಿಟ್ಟುಕೊಂಡು ಆನವಟ್ಟಿಯ ಬಸ್ಸು ಹತ್ತಿದೆ. ಯಜಮಾನರು ಇನ್ನೊಂದು ದಿನ ಕಾದಿರುತ್ತಾರೆ ಅಂತ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ಯಜಮಾನರ ಧ್ವನಿಯಲ್ಲೇ. ಶಿಕಾರಿಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ದ್ಯಾವಪ್ಪ ಹತ್ತಿದ. ಹೆಗಲ ಮೇಲೆ ಹಳದಿ ಬಟ್ಟೆ. ಕೈಯಲ್ಲಿ ಬೇರೆ ಏನೂ ಇಲ್ಲ.

ನನ್ನ ಪಕ್ಕದಲ್ಲೇ ಬಂದು ಕೂತ. "ನಿನ್ನೆ ದುಡ್ಡು ಕೊಟ್ರು ಕಂಟ್ರಾಕ್ಟರು. ಅವರ ಡ್ರೈವರಿಗೆ ಎರಡನೇ ಗೇರು ಬೀಳಲಿಲ್ಲ. ಅದಕ್ಕ ನಾನ ತಂದು ಬಿಟ್ಟೆ" ಅಂದ.

ನಾನು ಕಾಗದ ತೆಗೆದು ಕೊಟ್ಟೆ. ನಿಧಾನವಾಗಿ ಓದಿದ. ಸಹಿಯ ಮೇಲೆ ಬೆರಳಿಟ್ಟ. ಮಡಿಸಿ ನನ್ನ ಕೈಗೇ ಕೊಟ್ಟ.

"ಇದು ಬೇರೆ ಕಾರಿಗೂ ಆಗ್ತದೆ ದ್ಯಾವಪ್ಪ. ನಾನೇ ಹುಡುಕಿ ಕೊಡ್ತೀನಿ."

"ಬ್ಯಾರೆ ಕಾರು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದಕ್ಕ ಸಾಲ ಮಾಡಂಗಿಲ್ಲ ನಾನು."

ಬಸ್ಸು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಕೇಳಿದ: "ಸಾಹುಕಾರ್ರ ಮುಂದ ನನ್ನ ಮಾಡಿ ತೋರಿಸಿದ್ರಂತ. ಲಾರಿಯೋರು ಹೇಳಿದ್ರು."

"ಹೌದು."

"ಒಂದು ಸಲ ಮಾಡ್ರಿ, ನೋಡೂಣು."

"ಬೇಡ ದ್ಯಾವಪ್ಪ."

"ಮಾಡ್ರಿ. ನನ್ನ ಮಾರಿ ನಾನು ಯಾವತ್ತು ನೋಡೀನಿ? ಕಾರಿನ ಕನ್ನಡ್ಯಾಗ ಹಿಂದಿನ ರಸ್ತೆನ ಕಾಣತಿತ್ತು."

ತಲೆ ಎತ್ತಿ ಬಸ್ಸಿನ ತಗಡು ನೋಡಿದೆ. ಹೆಬ್ಬೆರಳು ಓಡಿಸಿದೆ, ತುಟಿ ಅಲ್ಲಾಡಿಸಿದೆ. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ನಕ್ಕರು. ಎರಡನೇ ಕೈ ಮುಗಿದಲ್ಲಿಗೆ ನಿಲ್ಲಿಸಿದೆ. ದ್ಯಾವಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಬಾಯನ್ನೇ ನೋಡುತ್ತಿದ್ದ.

"ಮುಂದ?" ಅಂದ.

"ಮಳೆಗಾಲದ ನಾಕು ತಿಂಗ್ಳು ಅರವತ್ತು. ಉಳಿದ ತಿಂಗ್ಳು ತೊಂಬತ್ತೈದು. ನೂರು ಅಂದ್ರ ಸುಳ್ಳಾಗ್ತೈತ್ರಿ."

"ಹೂಂ, ಬರೋಬ್ಬರಿ. ಇದನ್ನ ಅಲ್ಲಿ ಹೇಳಿದ್ರೇನು?"

"ಇಲ್ಲ."

"ಯಾಕ್ರಿ?"

"ಅಷ್ಟರಲ್ಲಿ ಎಲ್ಲಾರೂ ನಕ್ಕರು."

ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ನನಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬಾರದ ವಿದ್ಯೆ. ಶಿರಾಳಕೊಪ್ಪ ಹತ್ತಿರ ಬಂದಾಗ ಬಾಯಿಬಿಟ್ಟೆ. "ನನ್ನಿಂದ ನಿನಗೆ ಎಷ್ಟು ನಷ್ಟ ಆಯ್ತು ದ್ಯಾವಪ್ಪ, ಹೇಳಿಬಿಡು." ನನ್ನ ಸಂಬಳದಲ್ಲಿ ಮುರಿದು ಕೊಟ್ಟುಬಿಡುವ ದೊಡ್ಡಸ್ತಿಕೆ ಆ ವಯಸ್ಸಿಗೆ.

ದ್ಯಾವಪ್ಪ ಆ ಪ್ರಶ್ನೆಯನ್ನು ಪ್ರಶ್ನೆ ಅಂತಲೇ ತಗೊಂಡ. ತಲೆ ಎತ್ತಿ ಬಸ್ಸಿನ ತಗಡು ನೋಡಿದ. ಹೆಬ್ಬೆರಳು ಕಿರುಬೆರಳಿನ ಬುಡಕ್ಕೆ ಹೋಯಿತು. ತುಟಿ ಅಲ್ಲಾಡತೊಡಗಿತು. ಈ ಸಲ ನಾನು ಕಾದೆ. ಶಿರಾಳಕೊಪ್ಪದಲ್ಲಿ ಜನ ಇಳಿದರು, ಹತ್ತಿದರು. ಒಂದು ಕೈ ಮುಗಿದು ಇನ್ನೊಂದು ಕೈ ಶುರುವಾಯಿತು. ಅದೂ ಮುಗಿದು ಮತ್ತೆ ಮೊದಲ ಕೈಗೆ ಬಂತು.

ಆನವಟ್ಟಿ ಬಂತು. ದ್ಯಾವಪ್ಪ ಎದ್ದು, ಬಟ್ಟೆ ಸರಿಮಾಡಿಕೊಂಡು, ಇಳಿದ. ನಾನೂ ಅಲ್ಲೇ ಇಳಿಯಬೇಕಿತ್ತು, ಇಳಿಯಲಿಲ್ಲ. ಕಿಟಕಿಯಿಂದ ನೋಡಿದೆ. ಗಿರಣಿಯ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ, ಹೆಬ್ಬೆರಳು ಇನ್ನೂ ಗೆಣ್ಣುಗಳ ಮೇಲೆ ಓಡುತ್ತಿತ್ತು.